ಬಾನುಲಿಯ ದನಿ ಬಂದು ಹೋಗುವ ಪರಿ

ಕಳೆದ ಶ್ರಾವಣದಲ್ಲಿ ಹಾವೇರಿ ಜಿಲ್ಲೆಯ ಒಂದು ಗ್ರಾಮದಲ್ಲಿ ಪರಿಚಿತರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ರಾತ್ರಿ ಎಂಟರ ಸಮಯ. ಪಡಸಾಲೆಯ ಮೂಲೆಯಲ್ಲಿ ಆ ಮನೆಯ ಮೊಮ್ಮಗ, ಒಂಬತ್ತನೆಯ ತರಗತಿಯ ಹುಡುಗ, ಅಟ್ಟದಿಂದ ಇಳಿಸಿದ ಹಳೆಯ ಟ್ರಾನ್ಸಿಸ್ಟರ್ ಒಂದನ್ನು ಮುಂದಿಟ್ಟುಕೊಂಡು ಕುಳಿತಿದ್ದ. ಅವನ ಮುತ್ತಜ್ಜನ ಕಾಲದ ಪೆಟ್ಟಿಗೆಯದು. ಶಾರ್ಟ್ ವೇವ್‌ನಲ್ಲಿ ಯಾವುದೋ ದೂರದೇಶದ ಕೇಂದ್ರವು ಕೇಳಿಸುತ್ತಿತ್ತು. ಅರ್ಧ ನಿಮಿಷ ಸ್ಪಷ್ಟವಾಗಿ ಬರುವುದು, ಮೆಲ್ಲನೆ ಕುಗ್ಗುವುದು, ಕರಕರ ಸದ್ದಿನಲ್ಲಿ ಮುಳುಗುವುದು, ಮತ್ತೆ ತಾನಾಗಿಯೇ ಮೇಲೇಳುವುದು. ಪಟ್ಟಣದ ರಿಪೇರಿ ಅಂಗಡಿಯವರು ಒಳಗಿನ ಕಾಯಿಲು ಹೋಗಿದೆ, ಎಂಟುನೂರು ರೂಪಾಯಿ ಆಗುತ್ತದೆ ಎಂದಿದ್ದರಂತೆ.

“ಇದು ಕೆಟ್ಟೈತೇನ್ರಿ ಅಜ್ಜಾರ? ಬರತೈತಿ, ಹೋಗತೈತಿ, ಮತ್ತ ತಾನ ಬರತೈತಿ” ಎಂದು ಹುಡುಗ ಕೇಳಿದ.

“ತಾನ ಬರತೈತಿ ಅಂದ್ರ ಕೆಟ್ಟಿಲ್ಲೋ ತಮ್ಮಾ. ಎಂಟುನೂರು ರೂಪಾಯಿ ಉಳೀತು ನೋಡು” ಎಂದೆವು.

ಮನೆಯವರೆಲ್ಲ ನಕ್ಕರು. ಆದರೆ ಹುಡುಗನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಕೆಟ್ಟಿಲ್ಲವಾದರೆ ಹೀಗೇಕೆ, ಇದಕ್ಕೆ ಉಪಾಯವೇನು ಎಂಬುದು ಅವನ ಪ್ರಶ್ನೆ. ನಮ್ಮ ಓದುಗ ಬಂಧುಗಳ ಮನೆಗಳಲ್ಲಿಯೂ ಅಟ್ಟದ ಮೇಲೆ ಇಂಥ ಪೆಟ್ಟಿಗೆಗಳು ಇದ್ದೇ ಇರುತ್ತವೆ. ಅಂದು ಅವನಿಗೆ ಹೇಳಿದುದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಪೆಟ್ಟಿಗೆಯ ದೋಷವನ್ನೂ ಆಕಾಶದ ಆಟವನ್ನೂ ಬೇರ್ಪಡಿಸುವ ಕ್ರಮವನ್ನು ತಿಳಿಯಬೇಕು. ಹಗಲಿನಲ್ಲಿ ಸಮೀಪದ ಮಧ್ಯಮ ತರಂಗ ಕೇಂದ್ರವೊಂದನ್ನು ಹಾಕಿ ಕೇಳಿರಿ. ಅದು ಏರಿಳಿತವಿಲ್ಲದೆ ಬಂದು, ಶಾರ್ಟ್ ವೇವ್ ಮಾತ್ರ ತೂಗುಯ್ಯಾಲೆಯಾಡುತ್ತಿದ್ದರೆ ಪೆಟ್ಟಿಗೆಯು ಬಹುಮಟ್ಟಿಗೆ ಸರಿಯಾಗಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ರಾತ್ರಿ ಮಾಡಬಾರದು. ನೂರಿನ್ನೂರು ಕಿಲೋಮೀಟರ್ ದೂರದ ಮಧ್ಯಮ ತರಂಗ ಕೇಂದ್ರವೂ ರಾತ್ರಿಯಲ್ಲಿ ಇದೇ ರೀತಿ ಕುಗ್ಗಿ ಹಿಗ್ಗುವುದುಂಟು. ಅದರ ಕಾರಣವು ಮುಂದೆ ಬರುತ್ತದೆ.

ಮಠದ ರೇಡಿಯೊ

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ನಾವು ಬಾಲ್ಯದಲ್ಲಿ ಓದುತ್ತಿದ್ದ ಮಠದ ಪ್ರಸಾದ ನಿಲಯದಲ್ಲಿ ವಾಲ್ವುಗಳ ದೊಡ್ಡದೊಂದು ಮರ್ಫಿ ರೇಡಿಯೊ ಇತ್ತು. ಗುಂಡಿ ತಿರುವಿದ ಮೇಲೆ ವಾಲ್ವು ಕಾಯುವವರೆಗೆ ಕಾಯಬೇಕು. ಆಮೇಲೆ ಮುಂಭಾಗದಲ್ಲಿ ಹಸಿರು ಕಣ್ಣೊಂದು ಬೆಳಗುತ್ತಿತ್ತು. ದನಿ ಬಲವಾದಾಗ ಆ ಕಣ್ಣಿನ ರೆಪ್ಪೆ ಮುಚ್ಚುವುದು, ದನಿ ಕುಗ್ಗಿದಾಗ ತೆರೆಯುವುದು. ಊರಿನ ಹೈಸ್ಕೂಲಿನ ವಿಜ್ಞಾನದ ಮಾಸ್ತರರೊಬ್ಬರು ಸಂಜೆಯ ವೇಳೆ ಬಂದು ಸ್ವಾಮಿಗಳಿಗೆ ವಾರ್ತೆಗಳನ್ನು ಹಾಕಿಕೊಡುತ್ತಿದ್ದರು. ದನಿ ಹೋದಾಗಲೆಲ್ಲ ನಾವು ಹುಡುಗರು ಮಾಳಿಗೆಯನ್ನೇರಿ ಏರಿಯಲ್ ತಂತಿಯನ್ನು ಅಲುಗಾಡಿಸಿ ಬರುತ್ತಿದ್ದೆವು. ಇಳಿದು ಬರುವಷ್ಟರಲ್ಲಿ ದನಿ ಸರಿಯಾಗಿರುತ್ತಿತ್ತು. ನಮ್ಮ ಪರಾಕ್ರಮದಿಂದಲೇ ಸರಿಯಾಯಿತೆಂದು ನಂಬಿದ್ದೆವು.

ಒಂದು ದಿನ ಮಾಸ್ತರರು ಕರೆದು, “ತಂತಿ ಅಳ್ಳಾಡಿದ್ದಕ್ಕ ದನಿ ಹೋಗಂಗಿಲ್ಲೋ ತಮ್ಮಾ. ಮ್ಯಾಲ ಆಕಾಶನ ಅಳ್ಳಾಡಾಕತ್ತೈತಿ” ಎಂದರು.

ಅಂದು ಅದು ತಮಾಷೆಯ ಮಾತೆನಿಸಿತ್ತು. ಆದರೆ ಅದು ಅಕ್ಷರಶಃ ಸತ್ಯ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತಷ್ಟೆ. ಶಾರ್ಟ್ ವೇವ್‌ನ ಮಟ್ಟಿಗೆ ಆ ಹೆಸರು ಇನ್ನೂ ಒಂದು ಬಗೆಯಲ್ಲಿ ಸಾರ್ಥಕ. ಇಲ್ಲಿ ವಾಣಿಯು ಆಕಾಶವನ್ನು ಮುಟ್ಟಿಯೇ ಬರುತ್ತದೆ.

ಮೂರರಿಂದ ಮೂವತ್ತು ಮೆಗಾಹರ್ಟ್ಸ್‌ವರೆಗಿನ, ಎಂದರೆ ನೂರು ಮೀಟರಿನಿಂದ ಹತ್ತು ಮೀಟರಿನವರೆಗೆ ಉದ್ದವುಳ್ಳ ರೇಡಿಯೊ ಅಲೆಗಳಿಗೆ ಶಾರ್ಟ್ ವೇವ್ ಎಂದು ಹೆಸರು. ನೆಲದ ಮೇಲೆ ಇವು ಬಹುದೂರ ಸಾಗಲಾರವು. ಆದರೆ ಮೇಲಕ್ಕೆ ಹೋದುವು ಅಯಾನುಗೋಳದಲ್ಲಿ ಬಾಗಿ ಮರಳಿ ಭೂಮಿಗೆ ಬೀಳುತ್ತವೆ. ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ಮೇಲಣ ವಿರಳ ವಾಯುವಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಈ ವಲಯವು ಉಂಟಾಗಿದೆ. ಅದರಲ್ಲಿ ಪದರಗಳಿವೆ. ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಡಿ ಪದರ, ಅದರ ಮೇಲೆ ಇ ಪದರ, ಅದಕ್ಕೂ ಮೇಲೆ 200ರಿಂದ 400 ಕಿ.ಮೀ. ಎತ್ತರದಲ್ಲಿ ಎಫ್ ಪದರ. ದೂರದೇಶಗಳ ದನಿಯನ್ನು ನಮಗೆ ತಲುಪಿಸುವುದು ಮುಖ್ಯವಾಗಿ ಎಫ್ ಪದರವೇ. ಡಿ ಪದರವು ಹಗಲಿನಲ್ಲಿ ಮಾತ್ರ ಇರುತ್ತದೆ. ಅದು ಅಲೆಗಳನ್ನು ಹಿಂತಿರುಗಿಸುವುದಕ್ಕಿಂತ ಹೆಚ್ಚಾಗಿ ನುಂಗುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಕೇಂದ್ರವು ನಮ್ಮಿಂದ 1500 ಕಿ.ಮೀ. ದೂರದಲ್ಲಿದೆ, ಪದರವು 300 ಕಿ.ಮೀ. ಎತ್ತರದಲ್ಲಿದೆ ಎನ್ನೋಣ. ಭೂಮಿಯ ಬಾಗುವನ್ನು ಗಣಿಸದೆ ನೋಡಿದರೆ, ಒಂದೇ ನೆಗೆತದಲ್ಲಿ ಬರುವ ಅಲೆಯು ಸುಮಾರು 1615 ಕಿ.ಮೀ. ದಾರಿ ನಡೆಯುತ್ತದೆ. ಅದೇ ಅಲೆಯ ಇನ್ನೊಂದು ಪಾಲು ನಡುವೆ ಒಮ್ಮೆ ನೆಲಕ್ಕೆ ಬಡಿದು ಎರಡು ನೆಗೆತಗಳಲ್ಲಿ ಬರುತ್ತದೆ. ಅದು ನಡೆಯುವ ದಾರಿ ಸುಮಾರು 1920 ಕಿ.ಮೀ. ಎರಡೂ ನಮ್ಮ ಏರಿಯಲ್‌ನಲ್ಲಿ ಕೂಡುತ್ತವೆ. ಒಂದರ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಿದ್ದರೆ ದನಿ ಇಮ್ಮಡಿಸುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದರೆ ಎರಡೂ ಕಳೆದುಹೋಗಿ ಮೌನವೇ ಉಳಿಯುತ್ತದೆ. 31 ಮೀಟರ್ ಬ್ಯಾಂಡಿನಲ್ಲಿ ಈ ಎರಡು ಸ್ಥಿತಿಗಳ ನಡುವಣ ಅಂತರವು ದಾರಿಯ ಲೆಕ್ಕದಲ್ಲಿ ಹದಿನೈದೂವರೆ ಮೀಟರ್ ಮಾತ್ರ. ನಾವು ಹಿಡಿದ ಉದಾಹರಣೆಯಲ್ಲಿ ಪದರವು ಸುಮಾರು ಒಂಬತ್ತು ಮೀಟರಿನಷ್ಟು ಮೇಲೆ ಸರಿದರೆ ಸಾಕು, ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಮುನ್ನೂರು ಕಿಲೋಮೀಟರ್ ಎತ್ತರದಲ್ಲಿರುವ ಒಂದು ಮಾಡು ಮೂರಂತಸ್ತಿನ ಮನೆಯಷ್ಟು ಅಲುಗಿದರೆ, ಇಲ್ಲಿ ವಾರ್ತೆ ಓದುವವರ ದನಿ ಅಡಗುತ್ತದೆ. ಆ ಮಾಡಾದರೋ ಒಂದು ಕ್ಷಣವೂ ನಿಶ್ಚಲವಾಗಿರದು.

ಈ ಕುಗ್ಗುವಿಕೆಗೆ ಫೇಡಿಂಗ್ ಎನ್ನುತ್ತಾರೆ. ಕೇಳುಗರಿಗೆ ಇದು ಪೀಡೆಯೇ ಸರಿ. ಆದರೆ ಅಯಾನುಗೋಳವು ಇದೆ ಎಂಬುದು ಸಿದ್ಧವಾದುದೂ ಈ ಪೀಡೆಯಿಂದಲೇ. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿಸಿದಾಗ, ಗುಂಡಾಗಿರುವ ಭೂಮಿಯನ್ನು ಸುತ್ತಿ ಅಲೆಯು ಹೇಗೆ ಹೋಯಿತೆಂಬ ಪ್ರಶ್ನೆ ಎದ್ದಿತು. ಮೇಲೆ ವಿದ್ಯುದ್ವಾಹಕವಾದ ಪದರವೊಂದು ಇರಬೇಕೆಂದು 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದರು. ಅದು ಊಹೆಯಾಗಿಯೇ ಉಳಿದಿತ್ತು. ಹಗಲಿನಲ್ಲಿ ಸ್ಥಿರವಾಗಿ ಬರುವ ಲಂಡನ್ ಕೇಂದ್ರದ ಸಂಕೇತವು ರಾತ್ರಿಯಲ್ಲಿ ಏರಿಳಿಯುವುದನ್ನು ಗಮನಿಸಿದವರು ಎಡ್ವರ್ಡ್ ಆಪಲ್ಟನ್. ನೆಲದ ಮೇಲಿನಿಂದ ಬರುವ ಅಲೆಯೊಡನೆ ಮೇಲಿನಿಂದ ಬರುವ ಇನ್ನೊಂದು ಅಲೆ ಕಲೆಯುತ್ತಿರಬೇಕೆಂದು ಅವರು ತರ್ಕಿಸಿದರು. 1924ರ ಡಿಸೆಂಬರಿನಲ್ಲಿ ಅವರೂ ಮೈಲ್ಸ್ ಬಾರ್ನೆಟ್ ಅವರೂ ಕೂಡಿ, ಬಿಬಿಸಿಯ ಬೋರ್ನ್‌ಮತ್ ಕೇಂದ್ರದಿಂದ ಕಾರ್ಯಕ್ರಮಗಳು ಮುಗಿದ ಮೇಲೆ ಅಲೆಯುದ್ದವನ್ನು ಮೆಲ್ಲಗೆ ಬದಲಿಸುವ ಏರ್ಪಾಡು ಮಾಡಿ, ಆಕ್ಸ್‌ಫರ್ಡ್‌ನಲ್ಲಿ ಕುಳಿತು ದನಿ ಎಷ್ಟು ಸಲ ಏರಿತು, ಎಷ್ಟು ಸಲ ಇಳಿಯಿತು ಎಂಬುದನ್ನು ಎಣಿಸಿದರು. ಆ ಎಣಿಕೆಯಿಂದ ಎರಡು ದಾರಿಗಳ ವ್ಯತ್ಯಾಸವೂ ಅದರಿಂದ ಪದರದ ಎತ್ತರವೂ ದೊರೆತುವು. ಆಪಲ್ಟನ್ನರಿಗೆ 1947ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರರು ಇದೇ ಕ್ಷೇತ್ರದಲ್ಲಿ ದುಡಿದು ಬರೆದ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಎಂಬ ಉದ್ಗ್ರಂಥವು ಪ್ರಕಟವಾದುದೂ ಅದೇ 1947ರಲ್ಲಿ. ಮಾಸ್ತರರು ಮಿತ್ರರ ಹೆಸರನ್ನು ಬಹು ಗೌರವದಿಂದ ಹೇಳುತ್ತಿದ್ದರು.

ಎಲ್ಲ ಕುಗ್ಗುವಿಕೆಯೂ ಒಂದೇ ಅಲ್ಲ

ರೋಗವೊಂದೇ ಎಂದು ತಿಳಿದು ಒಂದೇ ಔಷಧಿಯನ್ನು ಕೊಡುವುದರಿಂದ ಪ್ರಯೋಜನವಿಲ್ಲ. ಮೇಲೆ ಹೇಳಿದ ಅಲೆಗಳ ಕಲಸುಮೇಲೋಗರವು ಒಂದು ಬಗೆ. ಅದರಲ್ಲಿ ದನಿಯು ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗಿನ ಅವಧಿಯಲ್ಲಿ ಬಂದು ಹೋಗುತ್ತಿರುತ್ತದೆ.

ಸಂಜೆಯಾಗುತ್ತಿದ್ದಂತೆ ಚೆನ್ನಾಗಿ ಬರುತ್ತಿದ್ದ ಕೇಂದ್ರವು ಕೆಲವು ನಿಮಿಷಗಳಲ್ಲಿ ತಡಬಡಿಸಿ ಪೂರ್ತಿಯಾಗಿ ಮರೆಯಾದರೆ ಅದು ಬೇರೊಂದು ಬಗೆ. ಸೂರ್ಯ ಮುಳುಗಿದ ಮೇಲೆ ಎಫ್ ಪದರವು ತೆಳುವಾಗುತ್ತ ಹೋಗಿ, ಹೆಚ್ಚಿನ ಕಂಪನಾಂಕದ ಅಲೆಗಳನ್ನು ಬಾಗಿಸಲಾರದೆ ಹೊರಕ್ಕೆ ಬಿಟ್ಟುಬಿಡುತ್ತದೆ. ಇಲ್ಲಿ ಏರಿಯಲ್ಲನ್ನು ಎಷ್ಟು ಎತ್ತರಿಸಿದರೂ ವ್ಯರ್ಥ. ಕೆಳಗಿನ ಕಂಪನಾಂಕಕ್ಕೆ ಹೋಗಬೇಕು. ಹಗಲಿಗೆ 19 ಮತ್ತು 16 ಮೀಟರ್, ಸಂಜೆಗೆ 31 ಮತ್ತು 25, ರಾತ್ರಿ ಬೆಳೆದಂತೆ 41 ಮತ್ತು 49 ಮೀಟರ್ ಎಂಬ ಹಳೆಯ ಕೇಳುಗರ ರೂಢಿಯು ಈ ತತ್ತ್ವವನ್ನೇ ಅನುಸರಿಸಿದೆ.

ಹಗಲಿನಲ್ಲಿ ಇದ್ದಕ್ಕಿದ್ದಂತೆ ಶಾರ್ಟ್ ವೇವ್‌ನ ಎಲ್ಲ ಕೇಂದ್ರಗಳೂ ಒಟ್ಟಿಗೆ ಮೂಕವಾದರೆ? ಆಗ ರಿಪೇರಿ ಅಂಗಡಿಗೆ ಓಡಬಾರದು. ಸೂರ್ಯನ ಮೇಲೆ ಸ್ಫೋಟವಾದಾಗ ಹೊಮ್ಮುವ ಕ್ಷ-ಕಿರಣಗಳು ಎಂಟೇ ನಿಮಿಷಗಳಲ್ಲಿ ಇಲ್ಲಿಗೆ ತಲುಪಿ ಡಿ ಪದರವನ್ನು ದಟ್ಟಗೊಳಿಸುತ್ತವೆ. ಅದು ಅಲೆಗಳನ್ನೆಲ್ಲ ನುಂಗಿಬಿಡುತ್ತದೆ. ಅಮೆರಿಕೆಯ ಡೆಲಿಂಜರ್ ಎಂಬ ವಿಜ್ಞಾನಿಯು 1935ರಲ್ಲಿ ಇದನ್ನು ಗುರುತಿಸಿದುದರಿಂದ ಇದಕ್ಕೆ ಅವರ ಹೆಸರೂ ಇದೆ. ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳವರೆಗೆ ಇರಬಹುದು. ಮೊದಲು ಚೇತರಿಸಿಕೊಳ್ಳುವುವು ಮೇಲಿನ ಕಂಪನಾಂಕದ ಬ್ಯಾಂಡುಗಳು. ಆದುದರಿಂದ ಮೇಲಕ್ಕೆ ಹೋಗಿ ಕಾಯಬೇಕು. ಇದಕ್ಕೆ ವಿರುದ್ಧವಾದುದು ಭೂಕಾಂತ ಬಿರುಗಾಳಿ. ಸೂರ್ಯನಿಂದ ಹೊರಟ ಕಣಗಳ ಮೋಡವು ಒಂದರಿಂದ ಮೂರು ದಿನಗಳಲ್ಲಿ ಭೂಮಿಯನ್ನು ತಲುಪಿ ಎಫ್ ಪದರವನ್ನೇ ಕದಡಿಬಿಡುತ್ತದೆ. ಆಗ ಕೆಳಗಿನ ಬ್ಯಾಂಡುಗಳನ್ನು ಆಶ್ರಯಿಸಬೇಕಾಗುತ್ತದೆ. 2024ರ ಮೇ 10 ಮತ್ತು 11ರಂದು ಬಂದ ಬಿರುಗಾಳಿಯು 2003ರ ನಂತರದ ಅತಿ ಪ್ರಬಲವಾದುದು. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಸ್ಥಳದಲ್ಲಿ, ಆಕಾಶವು ಕೆಂಪಾದುದನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ಅದು ನೆನಪಿರಬಹುದು.

ಇನ್ನು ದಕ್ಷಿಣ ಭಾರತದವರಾದ ನಮಗೆಂದೇ ಮೀಸಲಾದ ಒಂದು ಬಗೆ ಇದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆಯು ಕೇರಳದ ತುಂಬಾ ಗ್ರಾಮದ ಸಮೀಪದಲ್ಲಿ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ನಮ್ಮ ದೇಶದ ಮೊದಲ ರಾಕೆಟ್ ಅಲ್ಲಿಂದ ಹಾರಿದುದಕ್ಕೆ ಅದೇ ಕಾರಣ. ಈ ರೇಖೆಯ ಆಸುಪಾಸಿನಲ್ಲಿ ಸೂರ್ಯಾಸ್ತವಾದ ಬಳಿಕ ಎಫ್ ಪದರವು ಮೇಲೇರಿ, ಅದರೊಳಗೆ ಗುಳ್ಳೆಗಳಂಥ ಟೊಳ್ಳುಗಳು ಏಳುತ್ತವೆ. ಅವುಗಳ ಮೂಲಕ ಬಂದ ದನಿಯು ತಿರುಗುವ ಬೀಸಣಿಗೆಯ ಮುಂದೆ ಕುಳಿತು ಮಾತನಾಡಿದಂತೆ ಪಟಪಟನೆ ನಡುಗುತ್ತದೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಅದರಲ್ಲಿಯೂ ಸೂರ್ಯಕಲೆಗಳು ಹೆಚ್ಚಾಗಿರುವ ವರ್ಷಗಳಲ್ಲಿ, ಇದರ ಹಾವಳಿ ಅಧಿಕ. ಹನ್ನೊಂದು ವರ್ಷಗಳ ಸೌರಚಕ್ರವು 2024ರಲ್ಲಿ ತನ್ನ ಉಚ್ಛ್ರಾಯವನ್ನು ಮುಟ್ಟಿದೆಯೆಂದು ವಿಜ್ಞಾನಿಗಳು ಸಾರಿದ್ದರಷ್ಟೆ. ಈ ನಡುಕಕ್ಕೆ ಮನೆಯಲ್ಲಿ ಮಾಡಬಹುದಾದ ಔಷಧಿಯು ಅಲ್ಪ. ದಕ್ಷಿಣದ ಕೇಂದ್ರವನ್ನು ಬಿಟ್ಟು ಉತ್ತರದ ಕೇಂದ್ರವನ್ನು ಹುಡುಕಬಹುದು, ಇಲ್ಲವೇ ನಡುರಾತ್ರಿಯವರೆಗೆ ಕಾಯಬಹುದು.

ಉಪಾಯಗಳು

ಉಪಾಯದ ವಿಷಯಕ್ಕೆ ಬಂದರೆ, ಮೊದಲನೆಯದು ನಿಮ್ಮ ಪೆಟ್ಟಿಗೆಯೊಳಗೇ ಇದೆ. 1925ರಲ್ಲಿ ಹೆರಾಲ್ಡ್ ವೀಲರ್ ಎಂಬ ಅಮೆರಿಕದ ತರುಣ ಎಂಜಿನಿಯರ್ ಕಂಡುಹಿಡಿದ ಸ್ವಯಂಚಾಲಿತ ದನಿ ನಿಯಂತ್ರಣವೇ ಅದು. ಅಲೆಯು ಕುಗ್ಗಿದಾಗ ವರ್ಧನೆಯನ್ನು ತಾನೇ ಏರಿಸುವುದು, ಹಿಗ್ಗಿದಾಗ ತಾನೇ ಇಳಿಸುವುದು ಅದರ ಕೆಲಸ. ಮರ್ಫಿಯ ಹಸಿರು ಕಣ್ಣು ತೋರಿಸುತ್ತಿದ್ದುದು ಅದರ ಶ್ರಮವನ್ನೇ. ಆದರೆ ಅದಕ್ಕೊಂದು ಮಿತಿಯಿದೆ. ಹಣತೆಯಲ್ಲಿ ಎಣ್ಣೆ ಇರುವವರೆಗೆ ಬತ್ತಿಯನ್ನು ಏರಿಸಿದರೆ ಬೆಳಕು ಹೆಚ್ಚುತ್ತದೆ. ಎಣ್ಣೆ ತೀರಿದ ಮೇಲೆ ಏರಿಸಿದರೆ ಹೊಗೆಯೇ ಗತಿ. ಹಾಗೆಯೇ ಅಲೆಯು ಪೂರ್ತಿ ಕುಗ್ಗಿದಾಗ ವರ್ಧನೆ ಏರಿದರೆ ಕರಕರ ಸದ್ದು ಮಾತ್ರ ಏರುತ್ತದೆ. ಹಾಗಾಗಿ ಎಣ್ಣೆಯನ್ನು ಹೆಚ್ಚಿಸುವ ದಾರಿಯನ್ನು ನೋಡಬೇಕು.

ಅದಕ್ಕೆ ಮೊದಲು ಮನೆಯ ಸದ್ದನ್ನು ಇಳಿಸಬೇಕು. ನಮ್ಮ ಬಾಲ್ಯದಲ್ಲಿ ಇಲ್ಲದ ತೊಂದರೆಯಿದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಟಿವಿ ಇವೆಲ್ಲವೂ ಶಾರ್ಟ್ ವೇವ್‌ನಲ್ಲಿ ಗುಂಯ್‌ಗುಡುತ್ತವೆ. ಆ ಹಾವೇರಿಯ ಹುಡುಗನ ಪೆಟ್ಟಿಗೆಯನ್ನು ಚಾರ್ಜರಿನ ಪಕ್ಕದಿಂದೆತ್ತಿ, ಸೆಲ್ಲುಗಳನ್ನು ಹಾಕಿಸಿ, ಕಟ್ಟೆಯ ಮೇಲೆ ತಂದಿಟ್ಟಾಗಲೇ ಇಳಿತಗಳಲ್ಲಿ ಅರ್ಧದಷ್ಟು ಕಾಣೆಯಾದುವು. ಅಲೆಯು ಕುಗ್ಗುತ್ತಿತ್ತು, ನಿಜ. ಆದರೆ ಕುಗ್ಗಿದಾಗಲೂ ಅದು ಸದ್ದಿನ ಮಟ್ಟಕ್ಕಿಂತ ಮೇಲಿದ್ದುದರಿಂದ ಕಿವಿಗೆ ಕೇಳುತ್ತಿತ್ತು. ಇದರ ಮೇಲೆ ಹತ್ತು ಹನ್ನೆರಡು ಮೀಟರ್ ತಾಮ್ರದ ತಂತಿಯನ್ನು ಮಾಳಿಗೆಯಿಂದ ಮರಕ್ಕೆ ಕಟ್ಟಿ, ಅದರ ತುದಿಯನ್ನು ಪೆಟ್ಟಿಗೆಗೆ ಕೊಟ್ಟರೆ ಇನ್ನೂ ಉತ್ತಮ. ವಿದ್ಯುತ್ ತಂತಿಗಳ ಹತ್ತಿರ ಕಟ್ಟಲೇಬಾರದು. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ, ಸಿಡಿಲು ಸಮೀಪಿಸುವ ಮೊದಲೇ, ತಂತಿಯನ್ನು ಪೆಟ್ಟಿಗೆಯಿಂದ ಬಿಚ್ಚಿ ಹೊರಗೆ ಹಾಕಬೇಕು.

ಎರಡು ತಂತಿಗಳಿದ್ದರೆ ಇನ್ನೂ ದೊಡ್ಡ ಲಾಭವಿದೆ. 1920ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಹೆರಾಲ್ಡ್ ಬೆವರೇಜ್ ಮತ್ತು ಹೆರಾಲ್ಡ್ ಪೀಟರ್ಸನ್, ದೂರದೂರದ ಎರಡು ಏರಿಯಲ್ಲುಗಳಲ್ಲಿ ದನಿಯು ಒಂದೇ ಕ್ಷಣದಲ್ಲಿ ಕುಗ್ಗುವುದಿಲ್ಲವೆಂಬುದನ್ನು ಕಂಡು, ನ್ಯೂಯಾರ್ಕ್ ಪ್ರಾಂತದ ರಿವರ್‌ಹೆಡ್‌ನಲ್ಲಿ ಮೂರು ಏರಿಯಲ್ಲುಗಳನ್ನು ಕೂಡಿಸಿ ಕೇಳುವ ಪದ್ಧತಿಯನ್ನು ರೂಪಿಸಿದರು. (ಈ ವಿದ್ಯೆಯಲ್ಲಿ ಹೆರಾಲ್ಡ್ ಎಂಬ ಹೆಸರಿನವರೇ ಏಕೆ ಇಷ್ಟು ಮಂದಿಯೋ ತಿಳಿಯದು.) ಲೆಕ್ಕವು ಸರಳ. ಅನೇಕ ದಾರಿಗಳ ಅಲೆಗಳು ಬೆರೆತು ಬರುವಾಗ, ಸಂಕೇತದ ಶಕ್ತಿಯು ತನ್ನ ಸರಾಸರಿಯ ಹತ್ತನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಯುವುದು ನೂರು ಕ್ಷಣಗಳಲ್ಲಿ ಸುಮಾರು ಹತ್ತು ಕ್ಷಣ. ಒಂದಕ್ಕೊಂದು ಸಂಬಂಧವಿಲ್ಲದೆ ಕುಗ್ಗುವ ಎರಡು ಏರಿಯಲ್ಲುಗಳಿದ್ದರೆ, ಎರಡೂ ಒಟ್ಟಿಗೆ ಅಷ್ಟು ಇಳಿಯುವುದು ನೂರರಲ್ಲಿ ಒಂದು ಕ್ಷಣಕ್ಕಿಂತಲೂ ಕಡಮೆ.

ನಮ್ಮ ಮಾಸ್ತರರಿಗೆ ರಿವರ್‌ಹೆಡ್‌ನಷ್ಟು ಜಾಗವಿರಲಿಲ್ಲ. ಆದರೆ ಅಲೆಯು ಅಯಾನುಗೋಳದಲ್ಲಿ ಬರುವಾಗ ತನ್ನ ಕಂಪನದ ದಿಕ್ಕನ್ನೂ ತಿರುಗಿಸಿಕೊಳ್ಳುತ್ತದೆ, ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ. ಅಡ್ಡ ತಂತಿಗೆ ದನಿ ಸಿಗದ ಕ್ಷಣದಲ್ಲಿ ನೆಟ್ಟಗಿನ ತಂತಿಗೆ ಸಿಗುವ ಸಂಭವವಿದೆ. ಅವರು ಮಾಳಿಗೆಯಿಂದ ಬೇವಿನ ಮರಕ್ಕೆ ಒಂದು ಅಡ್ಡ ತಂತಿಯನ್ನೂ, ಎತ್ತರದ ಬಿದಿರಿನ ಗಳದ ಗುಂಟ ಒಂದು ನೆಟ್ಟ ತಂತಿಯನ್ನೂ ಕಟ್ಟಿ, ಎರಡನ್ನೂ ಒಂದು ಸ್ವಿಚ್ಚಿಗೆ ತಂದರು. ಆ ಸ್ವಿಚ್ಚಿನ ಬಳಿ ಒಬ್ಬ ಹುಡುಗನ ಪಾಳಿ. ಹಸಿರು ಕಣ್ಣು ತೆರೆಯತೊಡಗಿದೊಡನೆ ಅವನು ಹಿಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ತಿರುವಬೇಕು. ಹತ್ತರಲ್ಲಿ ಆರೇಳು ಸಲ ದನಿ ಮರಳುತ್ತಿತ್ತು. ನಮ್ಮ ಪಾಳಿಯಲ್ಲಿ ನಿದ್ದೆ ಮಾಡಿ ಬೈಸಿಕೊಂಡದ್ದೂ ಉಂಟು. ನೆರೆಹೊರೆಯ ಇಬ್ಬರು ಗೆಳೆಯರು ಎರಡು ಪೆಟ್ಟಿಗೆಗಳನ್ನು ಎರಡು ಏರಿಯಲ್ಲುಗಳಿಗೆ ಜೋಡಿಸಿ ಒಂದೇ ಕೇಂದ್ರವನ್ನು ಹಾಕಿ ನೋಡಿದರೆ ಈಗಲೂ ಈ ಚಮತ್ಕಾರವನ್ನು ಅನುಭವಿಸಬಹುದು.

ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಕೆಲವೊಮ್ಮೆ ದನಿಯು ಕುಗ್ಗುವುದಿಲ್ಲ, ಒಡೆಯುತ್ತದೆ. ಬಿರುಕು ಬಿಟ್ಟ ಮಡಕೆಯೊಳಗಿಂದ ಮಾತನಾಡಿದಂತೆ ಆಗುತ್ತದೆ. ಕೇಂದ್ರದಿಂದ ಬರುವ ಅಲೆಯಲ್ಲಿ ನಡುವೆ ವಾಹಕ ತರಂಗವೂ ಅದರ ಎರಡು ಪಕ್ಕಗಳಲ್ಲಿ ಮಾತನ್ನು ಹೊತ್ತ ಅಂಚುಗಳೂ ಇರುತ್ತವೆ. ಹಿಂದಿನ ನಮ್ಮ ಉದಾಹರಣೆಯಲ್ಲಿ ಎರಡನೆಯ ಅಲೆಯು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡವಾಗಿ ಬರುವುದರಿಂದ, ಪ್ರತಿ ಒಂದು ಕಿಲೋಹರ್ಟ್ಸ್‌ಗೆ ಒಂದರಂತೆ ಅಳಿಸಿದ ಗೆರೆಗಳು ಬೀಳುತ್ತವೆ. ಒಂದು ಕೇಂದ್ರವು ಒಂಬತ್ತು ಹತ್ತು ಕಿಲೋಹರ್ಟ್ಸ್ ಅಗಲವನ್ನು ಆಕ್ರಮಿಸಿರುತ್ತದೆ. ಹೀಗಾಗಿ ಅಂಚುಗಳು ಉಳಿದು ವಾಹಕ ಮಾತ್ರ ಅಳಿಸಿಹೋಗುವ ಕ್ಷಣಗಳು ಬರುತ್ತವೆ. ವಾಹಕವಿಲ್ಲದೆ ಸಾಧಾರಣ ಪೆಟ್ಟಿಗೆಯು ಮಾತನ್ನು ಬಿಡಿಸಲಾರದು. ಇಂದು ಕಂಪ್ಯೂಟರಿಗೆ ಜೋಡಿಸುವ ರೇಡಿಯೊಗಳ ತೆರೆಯ ಮೇಲೆ ಈ ಕಪ್ಪು ಗೆರೆಗಳು ಓರೆಯಾಗಿ ಹಾದುಹೋಗುವುದನ್ನು ಕಣ್ಣಾರೆ ಕಾಣಬಹುದು.

ಇದಕ್ಕೆ ಮದ್ದು, ವಾಹಕವನ್ನು ಪೆಟ್ಟಿಗೆಯೇ ತಯಾರಿಸಿಕೊಳ್ಳುವುದು. 1980ರ ದಶಕದಿಂದ ಸೋನಿ ಮೊದಲಾದವರ ಕೆಲವು ಉತ್ತಮ ಪೆಟ್ಟಿಗೆಗಳಲ್ಲಿ ಸಿಂಕ್ ಎಂಬ ಗುಂಡಿಯಿರುತ್ತಿತ್ತು. ಅದು ಈ ಕೆಲಸವನ್ನು ತಾನೇ ಮಾಡುತ್ತದೆ. ಅದಿಲ್ಲದೆ ಎಸ್‌ಎಸ್‌ಬಿ ಅಥವಾ ಬಿಎಫ್‌ಒ ಎಂಬ ಗುಂಡಿ ಮಾತ್ರ ಇದ್ದರೆ, ಅದನ್ನು ಹಾಕಿ, ಕೇಳಿಬರುವ ಸಿಳ್ಳು ಇಳಿಯುತ್ತ ಇಳಿಯುತ್ತ ಪೂರ್ತಿ ನಿಲ್ಲುವವರೆಗೆ ನಿಧಾನವಾಗಿ ತಿರುವಿರಿ. ಸಿಳ್ಳು ನಿಂತಲ್ಲಿ ಮಾತು ಸಹಜವಾಗುತ್ತದೆ. ಕೈಗೆ ತಾಳ್ಮೆ ಬೇಕು.

ಕ್ರಿಯಾಪದವೊಂದು ನುಂಗಿಹೋದ ದಿನ

ಇಷ್ಟೆಲ್ಲ ಪಾಡು ಏತಕ್ಕೆಂದು ಕೇಳುವವರಿಗೆ 1984ರ ಅಕ್ಟೋಬರ್ 31ನ್ನು ನೆನಪಿಸಬೇಕು. ಆಗ ನಾವು ಅದೇ ಮಠದ ಪಾಠಶಾಲೆಯಲ್ಲಿ ಕಿರಿಯ ಅಧ್ಯಾಪಕರಾಗಿದ್ದೆವು. ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಬೆಳಿಗ್ಗೆ ಗುಂಡು ಹಾರಿದ ಸುದ್ದಿ ಊರಿಗೆ ಬಂದಿತ್ತು. ಬದುಕಿದ್ದಾರೆಯೇ ಇಲ್ಲವೇ ಎಂಬುದು ಯಾರಿಗೂ ತಿಳಿಯದು. ಆಕಾಶವಾಣಿಯು ಅಧಿಕೃತವಾಗಿ ಸಂಜೆಗಷ್ಟೆ ನಿಧನವಾರ್ತೆಯನ್ನು ಪ್ರಕಟಿಸಿತು. ಬಿಬಿಸಿಯು ಮಧ್ಯಾಹ್ನವೇ ಹೇಳಿತ್ತು. ಪೇಟೆಯಲ್ಲಿ ಆಗಲೇ ಎರಡು ಬಗೆಯ ವದಂತಿಗಳು ಹಬ್ಬಿ, ಅಂಗಡಿಗಳು ಅರ್ಧ ಮುಚ್ಚಿ ಅರ್ಧ ತೆರೆದಿದ್ದುವು. ಜನರು ಮಠಕ್ಕೆ ಬಂದು ಕೇಳತೊಡಗಿದರು. ಮಠದವರು ಏನು ಹೇಳುವರೋ ಅದನ್ನೇ ಊರು ನಂಬುತ್ತಿತ್ತು.

ಮಾಸ್ತರರು ಶಾಲೆಯಿಂದ ಧಾವಿಸಿ ಬಂದರು. ಪೆಟ್ಟಿಗೆಯು ಹಿಂದಿನ ರಾತ್ರಿಯ 31 ಮೀಟರ್ ಬ್ಯಾಂಡಿನಲ್ಲಿಯೇ ಇತ್ತು. ಬಿಬಿಸಿಯ ಇಂಗ್ಲಿಷ್ ವಾರ್ತೆ ಆರಂಭವಾಯಿತು. ಹೆಸರು ಕೇಳಿಸಿತು. ಮುಂದಿನ ಮಾತು ಬರುವಷ್ಟರಲ್ಲಿ ದನಿ ಮುಳುಗಿತು. ಎದ್ದು ಬಂದಾಗ ವಾಕ್ಯವು ಮುಗಿದಿತ್ತು. ಕೇಳಿದವರು ನಾಲ್ವರು. ಮಾಸ್ತರರು ಯಾರೂ ಮಾತನಾಡಬೇಡಿರೆಂದು ಸನ್ನೆ ಮಾಡಿ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಾಟಿಯನ್ನು ಕೊಟ್ಟು, ಕೇಳಿದುದನ್ನು ಬರೆಯಿರಿ ಎಂದರು. ಇಬ್ಬರು ತೀರಿಕೊಂಡರೆಂದು ಬರೆದಿದ್ದರು. ನಾವು ಆಸ್ಪತ್ರೆಯಲ್ಲಿದ್ದಾರೆಂದು ಬರೆದಿದ್ದೆವು. ಮಾಸ್ತರರ ಪಾಟಿಯಲ್ಲಿ, ಹೆಸರು ಕೇಳಿದೆ, ಕ್ರಿಯಾಪದ ಕೇಳಲಿಲ್ಲ ಎಂದಿತ್ತು.

ಸ್ವಾಮಿಗಳು ನಾಲ್ಕೂ ಪಾಟಿಗಳನ್ನು ನೋಡಿ, “ಎರಡು ಸಲ ಕಿವಿತುಂಬ ಕೇಳೂ ತನಕ ಹೊರಗ ಒಂದ ಮಾತು ಹೋಗಬಾರದು” ಎಂದರು. ಹೊರಗೆ ಕಾದವರಿಗೆ ಇನ್ನೂ ತಿಳಿದಿಲ್ಲ ಎಂದಷ್ಟೆ ಹೇಳಲಾಯಿತು.

ನಡುಹಗಲಿನಲ್ಲಿ 31 ಮೀಟರಿನ ಅಲೆಯನ್ನು ಡಿ ಪದರವು ಬಹುಪಾಲು ನುಂಗಿಬಿಡುತ್ತದೆ. ಉಳಿದ ಸ್ವಲ್ಪವೇ ಕುಗ್ಗಿ ಹಿಗ್ಗುತ್ತಿತ್ತು. ಮಾಸ್ತರರು 19 ಮೀಟರಿಗೆ ತಿರುವಿ ಅದೇ ಬಿಬಿಸಿಯನ್ನು ಹುಡುಕಿ ಹಿಡಿದರು. ಬಿಬಿಸಿಯು ನಮ್ಮ ಭಾಗಕ್ಕೆ ಲಂಡನ್ನಿನಿಂದ ಮಾತ್ರವಲ್ಲದೆ ಸಿಂಗಪುರ ಮತ್ತು ಒಮಾನಿನ ಮಸೀರಾ ದ್ವೀಪದ ಮರುಪ್ರಸಾರ ಕೇಂದ್ರಗಳಿಂದಲೂ ಅನೇಕ ಕಂಪನಾಂಕಗಳಲ್ಲಿ ಒಂದೇ ಕಾರ್ಯಕ್ರಮವನ್ನು ಬಿತ್ತರಿಸುತ್ತಿತ್ತು. ಒಂದು ದಾರಿಯಲ್ಲಿ ಕುಗ್ಗಿದುದು ಇನ್ನೊಂದರಲ್ಲಿ ಉಳಿಯಲೆಂಬುದೇ ಅದರ ಉದ್ದೇಶ. ಅಂತೆಯೇ ಗಂಟೆಗಂಟೆಗೂ ವಾರ್ತೆಯನ್ನು ಮತ್ತೆ ಓದುತ್ತಿದ್ದುದೂ ಕೇಳುಗರಿಗೆ ಉಪಕಾರವೇ. ಮುಂದಿನ ವಾರ್ತೆಯಲ್ಲಿ ನಾಲ್ವರಿಗೂ ಒಂದೇ ಮಾತು ಕೇಳಿಸಿತು. ಅದರ ಮುಂದಿನದರಲ್ಲಿಯೂ ಅದೇ. ಆಮೇಲೆ ಸ್ವಾಮಿಗಳೇ ಕಟ್ಟೆಯ ಮೇಲೆ ನಿಂತು ಜನರಿಗೆ ತಿಳಿಸಿ, ಶಾಂತರಾಗಿ ಮನೆಗೆ ಹೋಗಿರೆಂದು ಕೇಳಿಕೊಂಡರು. ನಮ್ಮ ಪಾಟಿಯಲ್ಲಿದ್ದುದನ್ನು ನಾವು ಮೊದಲೇ ಹೊರಗೆ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುವುದುಂಟು.

ಹವ್ಯಾಸಿ ರೇಡಿಯೊದವರು ಇದೇ ಶಿಸ್ತನ್ನು ನಿತ್ಯವೂ ಪಾಲಿಸುತ್ತಾರೆ. 2004ರ ಡಿಸೆಂಬರ್ 26ರಂದು ಸುನಾಮಿಯು ಅಪ್ಪಳಿಸಿದಾಗ, ಹವ್ಯಾಸಿ ರೇಡಿಯೊದ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡದವರು, ದೂರವಾಣಿಗಳು ಕಡಿದುಹೋಗಿದ್ದ ಆ ದ್ವೀಪಗಳಿಂದ ಶಾರ್ಟ್ ವೇವ್‌ನಲ್ಲಿಯೇ ಹೊರಜಗತ್ತಿಗೆ ಸಂದೇಶಗಳನ್ನು ಮುಟ್ಟಿಸಿದರು. ಬದುಕಿರುವವರ ಹೆಸರುಗಳನ್ನು ಹೇಳುವಾಗ ಒಂದು ಅಕ್ಷರ ಕುಗ್ಗಿದರೂ ಅನರ್ಥವಲ್ಲವೇ? ಅದಕ್ಕಾಗಿಯೇ ಈ ಹವ್ಯಾಸಿಗಳು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವುದು, ಅಂಕಿಗಳನ್ನು ಎರಡು ಸಲ ಓದುವುದು, ಕೇಳಿದವರಿಂದ ಅದನ್ನು ಮರಳಿ ಓದಿಸುವುದು.

ಶಾರ್ಟ್ ವೇವ್‌ನ ವೈಭವ ಈಗ ಇಲ್ಲವೆಂಬುದು ನಿಜವೇ. ಬಿಬಿಸಿಯ ಹಿಂದಿ ಪ್ರಸಾರವು 2020ರ ಜನವರಿ 31ರಂದು ಶಾರ್ಟ್ ವೇವ್‌ನಲ್ಲಿ ನಿಂತುಹೋಯಿತು. ರೇಡಿಯೊ ಆಸ್ಟ್ರೇಲಿಯಾ 2017ರಲ್ಲಿಯೇ ಶಾರ್ಟ್ ವೇವ್‌ನ್ನು ಬಿಟ್ಟಿತು. ಬುಧವಾರದ ರಾತ್ರಿಗಳಲ್ಲಿ ರೇಡಿಯೊ ಸಿಲೋನಿನ ಗೀತಮಾಲೆಗಾಗಿ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕುಳಿತವರು, ನೆಚ್ಚಿನ ಹಾಡಿನ ಪಲ್ಲವಿಯು ಸಮುದ್ರದ ಅಲೆಯಂತೆ ಹಿಂದೆ ಸರಿದು ಚರಣದ ವೇಳೆಗೆ ಮರಳುತ್ತಿದ್ದುದನ್ನು ಮರೆತಿರಲಾರರು. ಆದರೂ 2022ರಲ್ಲಿ ಉಕ್ರೇನಿನಲ್ಲಿ ಯುದ್ಧವು ಆರಂಭವಾದಾಗ ಬಿಬಿಸಿಯು ಆ ಪ್ರದೇಶಕ್ಕೆ ಮತ್ತೆ ಶಾರ್ಟ್ ವೇವ್ ಪ್ರಸಾರವನ್ನು ತೆರೆಯಬೇಕಾಯಿತು.

ಹಾವೇರಿಯ ಆ ಹುಡುಗನಿಗೆ ಒಂದು ನೋಟು ಪುಸ್ತಕವನ್ನು ಇಡಲು ಹೇಳಿ ಬಂದಿದ್ದೆವು. ಕೇಂದ್ರಗಳಿಗೆ ವರದಿ ಬರೆಯುವ ಕೇಳುಗರು ಸಿನ್ಪೋ ಎಂಬ ಐದು ಅಂಕಿಗಳ ಸಂಕೇತವನ್ನು ಬಳಸುತ್ತಾರೆ. ಸಂಕೇತದ ಬಲ, ಬೇರೆ ಕೇಂದ್ರದ ಅಡ್ಡಿ, ಸದ್ದು, ಏರಿಳಿತ, ಒಟ್ಟು ಫಲ, ಇವಕ್ಕೆ ಒಂದರಿಂದ ಐದರವರೆಗೆ ಅಂಕ. ಏರಿಳಿತವೇ ಇಲ್ಲವಾದರೆ ನಾಲ್ಕನೆಯ ಸ್ಥಾನದಲ್ಲಿ ಐದು ಬರೆಯಬೇಕು. ದಸರೆಯ ಆಸುಪಾಸಿನಲ್ಲಿ ಅವನಿಂದ ದೂರವಾಣಿ ಬಂದಿತು. ತಂತಿಯನ್ನು ಕಟ್ಟಿದ್ದಾನಂತೆ. ಹಗಲಿನ ಕೇಂದ್ರಗಳಿಗೆ ನಾಲ್ಕನೆಯ ಅಂಕಿ ಮೂರು, ನಾಲ್ಕು ಬರುತ್ತಿದೆಯಂತೆ. ಆದರೆ ರಾತ್ರಿ ಎಂಟಾದೊಡನೆ ಎಲ್ಲವೂ ಬೀಸಣಿಗೆಯ ಮುಂದೆ ಇಟ್ಟಂತೆ ಪಟಪಟ ಎನ್ನುತ್ತದೆ, ಒಂದೇ ಅಂಕ ಎಂದು ದೂರಿದ. ಅಕ್ಟೋಬರ್ ತಿಂಗಳು, ಕಾಂತೀಯ ರೇಖೆಯ ಸಾಮೀಪ್ಯ ಎಲ್ಲವನ್ನೂ ವಿವರಿಸಿ, ನಡುರಾತ್ರಿಯ ಹೊತ್ತಿಗೆ ಅದು ಇಳಿಯುತ್ತದೆ, ಕಾದು ನೋಡು ಎಂದೆವು.

“ಹನ್ನೆರಡಕ್ಕ ರೇಡಿಯೊ ಹಚ್ಚಿದ್ರ ನಮ್ಮವ್ವ ಪೆಟ್ಟಿಗಿ ಮತ್ತ ಅಟ್ಟಕ್ಕ ಏರಿಸ್ತಾಳ್ರೀ ಅಜ್ಜಾರ, ಪರೀಕ್ಷೆ ಐತಿ” ಎಂದ.

ಪರೀಕ್ಷೆ ಮುಗಿದ ಮೇಲೆ ಬರೆದು ತಿಳಿಸುವುದಾಗಿ ಮಾತು ಕೊಟ್ಟಿದ್ದಾನೆ.